ಕಾರವಾರ, ಶಿರಸಿಯಿಂದ ವಿಮಾನ ಹಿಡಿಯುವವರಿಗೆ: ದೂರ, ಹಾರಾಟದ ಅವಧಿ, ಮನೆ ಬಿಡುವ ಹೊತ್ತು ಲೆಕ್ಕ ಹಾಕುವ ಕ್ರಮ

ಕಾರವಾರದಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಹುಡುಕಿದರೆ ತಕ್ಷಣ ಉತ್ತರ ಬರುತ್ತದೆ: ಸುಮಾರು 1,560 ಕಿ.ಮೀ., ಎರಡರಿಂದ ಎರಡೂವರೆ ಗಂಟೆ. ದೂರದ ಲೆಕ್ಕ ಸರಿಯಾಗಿಯೇ ಇದೆ. ಆದರೆ ಕಾರವಾರದಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ, ಇಡೀ ಉತ್ತರ ಕನ್ನಡ ಜಿಲ್ಲೆಯಲ್ಲೇ ಇಲ್ಲ. ನಕ್ಷೆಯಲ್ಲಿ ಎರಡು ಚುಕ್ಕೆ ಇಟ್ಟು ಗೆರೆ ಎಳೆದು ಕೊಟ್ಟ ಲೆಕ್ಕ ಅದು. ಅದನ್ನು ನಂಬಿ ಮಧ್ಯಾಹ್ನದ ಸಂದರ್ಶನಕ್ಕೋ ಆಸ್ಪತ್ರೆಯ ಅಪಾಯಿಂಟ್‌ಮೆಂಟಿಗೋ ಅದೇ ದಿನ ಬೆಳಿಗ್ಗೆಯ ಟಿಕೆಟ್ ಮಾಡಿದವರು ಅರ್ಧ ದಾರಿಯಲ್ಲೇ ಸಿಕ್ಕಿಬೀಳುತ್ತಾರೆ.

ಈ ಲೆಕ್ಕದಲ್ಲಿ ಎಡವುವುದು ಕೂಡಿಸಿ ಕಳೆಯುವಲ್ಲಿ ಅಲ್ಲ, ಕ್ರಮದಲ್ಲಿ. ಮೊದಲು ಟಿಕೆಟ್ ಮಾಡಿ ಆಮೇಲೆ ರಸ್ತೆ ನೋಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ದುಡ್ಡು ಕಟ್ಟುವುದು ಕೊನೆಗೆ.

## ಶುರು ಮಾಡುವ ಮೊದಲು ಬೇಕಾದದ್ದು

ಒಂದು ಹಾಳೆ, ಪೆನ್ನು, ವರ್ಗಮೂಲದ ಗುಂಡಿ ಇರುವ ಕ್ಯಾಲ್ಕುಲೇಟರ್ ಮತ್ತು ಗೂಗಲ್ ಮ್ಯಾಪ್ಸ್ ಇರುವ ಫೋನ್. ಫೋನನ್ನು ಅಡ್ಡ ಹಿಡಿದರೆ ಅದರಲ್ಲಿರುವ ಕ್ಯಾಲ್ಕುಲೇಟರಿನಲ್ಲೇ ವರ್ಗಮೂಲ ಸಿಗುವುದುಂಟು. ಇವುಗಳ ಜೊತೆಗೆ ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರಾಡಾರ್24 ತರಹದ ಒಂದು ಆ್ಯಪ್ ಇರಲಿ. ಹಾಳೆಯ ಮೇಲ್ಗಡೆ ಒಂದೇ ಸಾಲು ಬರೆಯಿರಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ಬಾಗಿಲಿಗೆ ತಲುಪಬೇಕು. "ದೆಹಲಿ" ಎಂದಷ್ಟೇ ಬರೆದರೆ ಸಾಲದು. "ಸೋಮವಾರ ಮಧ್ಯಾಹ್ನ 3 ಗಂಟೆ, ಕರೋಲ್ ಬಾಗ್‌ನ ಕಚೇರಿ" ಎಂದು ಬರೆಯಿರಿ.

## ಹಂತ 1: ಊರಿನ ಹೆಸರು ಬಿಡಿ, ನಿಲ್ದಾಣದ ಕೋಡ್ ಹಿಡಿಯಿರಿ

ಪ್ರತಿ ವಿಮಾನ ನಿಲ್ದಾಣಕ್ಕೂ ಮೂರು ಅಕ್ಷರದ ಕೋಡ್ ಇದೆ. ನಮ್ಮ ಜಿಲ್ಲೆಯವರಿಗೆ ಬೇಕಾದವು ಇಷ್ಟು: ಗೋವಾದ ದಾಬೋಲಿಂ ಜಿಓಐ, ಗೋವಾದ ಮೋಪಾ ಜಿಓಎಕ್ಸ್, ಹುಬ್ಬಳ್ಳಿ ಎಚ್‌ಬಿಎಕ್ಸ್, ಮಂಗಳೂರು ಐಎಕ್ಸ್‌ಇ, ಬೆಳಗಾವಿ ಐಎಕ್ಸ್‌ಜಿ, ಶಿವಮೊಗ್ಗ ಆರ್‌ಕ್ಯೂವೈ, ಬೆಂಗಳೂರು ಬಿಎಲ್‌ಆರ್.

ಹೆಚ್ಚು ಜನ ಎಡವುವುದು ಗೋವಾದಲ್ಲಿ. ಮೋಪಾ ನಿಲ್ದಾಣ 2023ರ ಜನವರಿಯಲ್ಲಿ ಶುರುವಾದ ಮೇಲೆ ಗೋವಾಕ್ಕೆ ಎರಡು ನಿಲ್ದಾಣಗಳಾದವು. ದಾಬೋಲಿಂ ಇರುವುದು ವಾಸ್ಕೋ ಹತ್ತಿರ, ಜುವಾರಿ ನದಿಯ ದಕ್ಷಿಣಕ್ಕೆ. ಮೋಪಾ ಇರುವುದು ಉತ್ತರ ಗೋವಾದ ಪೆಡ್ಣೆ ತಾಲ್ಲೂಕಿನಲ್ಲಿ, ಮಹಾರಾಷ್ಟ್ರ ಗಡಿಯ ಸಮೀಪ. ಎರಡರ ನಡುವೆ ರಸ್ತೆ ಸುಮಾರು 60 ಕಿ.ಮೀ. ಟಿಕೆಟ್ ಜಾಲತಾಣದಲ್ಲಿ "ಗೋವಾ" ಎಂದು ಹಾಕಿದರೆ ಎರಡೂ ಕಡೆಯ ವಿಮಾನಗಳು ಒಟ್ಟಿಗೇ ಬರುತ್ತವೆ. ಕಡಿಮೆ ದರದ್ದನ್ನು ಆರಿಸಿ, ಕೋಡ್ ನೋಡದೆ ದಾಬೋಲಿಂಗೆ ಹೋಗಿ ನಿಂತರೆ ಆ ವಿಮಾನ ತಪ್ಪಿದ ಹಾಗೆಯೇ. ಜುವಾರಿ ದಾಟಿ, ಪಣಜಿಯಲ್ಲಿ ಮಾಂಡವಿ ದಾಟಿ, ಪರ್ವರಿ ಮತ್ತು ಮ್ಹಾಪಸಾದ ಟ್ರಾಫಿಕ್ ಹಾದು ಮೋಪಾ ಮುಟ್ಟಲು ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ.

ಇಳಿಯುವ ಕಡೆಯ ಕೋಡನ್ನೂ ನೋಡಿ. ಮುಂಬಯಿಗೆ ಹಳೆಯ ನಿಲ್ದಾಣದ ಬಿಓಎಂ ಜೊತೆಗೆ ಈಗ ನವಿ ಮುಂಬಯಿಯ ಎನ್‌ಎಂಐ ಸೇರಿದೆ. ಅಂಧೇರಿಯ ನೆಂಟರ ಮನೆಗೆ ಹೋಗುವವರಿಗೂ ಪನ್ವೇಲ್ ಕಡೆ ಹೋಗುವವರಿಗೂ ಒಂದೇ ನಿಲ್ದಾಣ ಅನುಕೂಲವಾಗದು. ಟರ್ಮಿನಲ್ ಸಂಖ್ಯೆಯನ್ನೂ ಕೋಡ್ ಪಕ್ಕದಲ್ಲೇ ಬರೆದುಕೊಳ್ಳಿ. ದೆಹಲಿಯ ಟರ್ಮಿನಲ್ 1 ಉಳಿದೆರಡರಿಂದ ಕೆಲವು ಕಿ.ಮೀ. ದೂರದಲ್ಲಿದೆ, ನಡೆದು ಹೋಗುವ ಅಂತರವಲ್ಲ.

## ಹಂತ 2: ಮನೆಯಿಂದ ನಿಲ್ದಾಣದ ರಸ್ತೆಯನ್ನು ಗಂಟೆಯಲ್ಲಿ ಅಳೆಯಿರಿ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ನಮ್ಮ ಜಿಲ್ಲೆಯಲ್ಲಿ ವಿಮಾನ ತಪ್ಪುವುದು ಆಕಾಶದ ಲೆಕ್ಕದಿಂದಲ್ಲ, ಘಟ್ಟದ ಲೆಕ್ಕದಿಂದ. ಶಿರಸಿಯಿಂದ ಕಾರವಾರಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ 80 ಕಿ.ಮೀ. ಆಗುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಹೋದರೆ ರಸ್ತೆ 130 ಕಿ.ಮೀ. ಸಮೀಪ. ಹಾಗಾಗಿ ಇಲ್ಲಿ ಕಿ.ಮೀ. ಬಿಟ್ಟು ಗಂಟೆಯಲ್ಲೇ ಯೋಚಿಸಬೇಕು.

ಕಾರವಾರ, ಸದಾಶಿವಗಡ, ಅಂಕೋಲಾದವರಿಗೆ ದಾಬೋಲಿಂ ಹತ್ತಿರ. ಕಾರವಾರದಿಂದ ಸುಮಾರು 90 ಕಿ.ಮೀ., ಎರಡರಿಂದ ಎರಡೂವರೆ ಗಂಟೆ. ಮಾಜಾಳಿ ದಾಟಿ ಪೋಳೆಂ ಗಡಿ, ಕಾಣಕೋಣ ಬೈಪಾಸ್, ಅಲ್ಲಿಂದ ಕರ್ಮಲ್ ಘಾಟ್, ಆಮೇಲೆ ಮಡಗಾಂವ್. ಹೊತ್ತು ತಿನ್ನುವುದು ಕರ್ಮಲ್ ಘಾಟ್. ಎರಡು ಸಾಲಿನ ತಿರುವಿನ ರಸ್ತೆಯಲ್ಲಿ ಲೋಡ್ ಲಾರಿಯೊಂದು ಮುಂದೆ ಸಿಕ್ಕರೆ ಘಾಟ್ ಮುಗಿಯುವವರೆಗೂ ಅದರ ಹಿಂದೆಯೇ. ಹಳದಿ ಬೋರ್ಡ್ ಟ್ಯಾಕ್ಸಿಯಾದರೆ ಗಡಿ ದಾಟುವ ಪರ್ಮಿಟ್ ಇದೆಯೇ ಎಂದು ಹಿಂದಿನ ದಿನವೇ ಡ್ರೈವರನ್ನು ಕೇಳಿ, ಗಡಿಗೆಂದು 15 ನಿಮಿಷ ಬೇರೆ ಇಡಿ. ಇದೇ ಕಾರವಾರದಿಂದ ಮೋಪಾಕ್ಕೆ 135ರಿಂದ 140 ಕಿ.ಮೀ., ಮೂರೂವರೆ ಗಂಟೆ. ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ ಮೇಲೆ 165 ಕಿ.ಮೀ., ನಾಲ್ಕು ಗಂಟೆ.

ಕಾರವಾರದವರಿಗೆ ರೈಲೂ ಉಂಟು. ಶಿರವಾಡದ ನಿಲ್ದಾಣದಿಂದ ಮಡಗಾಂವ್‌ಗೆ ಒಂದು ಗಂಟೆಯ ಆಸುಪಾಸು, ಅಲ್ಲಿಂದ ದಾಬೋಲಿಂಗೆ ಟ್ಯಾಕ್ಸಿಯಲ್ಲಿ 25 ಕಿ.ಮೀ. ರೈಲು ಮಡಗಾಂವ್ ಮುಟ್ಟುವ ಹೊತ್ತಿಗೂ ವಿಮಾನ ಹೊರಡುವ ಹೊತ್ತಿಗೂ ನಡುವೆ ನಾಲ್ಕು ಗಂಟೆಯಾದರೂ ಇರಲಿ. ಕೊಂಕಣ ರೈಲ್ವೆ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಹಾಕುತ್ತದೆ, ಗಾಡಿಗಳ ವೇಗ ಇಳಿಸುತ್ತದೆ. ಮೇ ತಿಂಗಳಲ್ಲಿ ನೋಡಿಟ್ಟ ಸಮಯ ಜುಲೈಗೆ ಹೊಂದುವುದಿಲ್ಲ.

ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ ಬಿಟ್ಟು ಬೇರೆ ಯೋಚನೆ ಬೇಡ. ಶಿರಸಿಯಿಂದ ಮುಂಡಗೋಡ ಮೇಲೆ ನೂರು ಕಿ.ಮೀ.ಗೆ ತುಸು ಹೆಚ್ಚು, ಎರಡೂವರೆ ಗಂಟೆ. ಈ ದಾರಿಯ ದೊಡ್ಡ ಅನುಕೂಲವೆಂದರೆ ಘಟ್ಟ ಇಳಿಯುವ ಕೆಲಸವೇ ಇಲ್ಲ. ಹುಬ್ಬಳ್ಳಿ ನಿಲ್ದಾಣ ಊರಿನ ಪಶ್ಚಿಮಕ್ಕೆ ಗೋಕುಲ ರಸ್ತೆಯಲ್ಲಿದೆ. ಬಸ್ಸಿನಲ್ಲಿ ಹೋಗುವವರು ಊರ ನಡುವಿನ ಚನ್ನಮ್ಮ ವೃತ್ತದವರೆಗೆ ಹೋಗದೆ ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣದಲ್ಲೇ ಇಳಿದು ಆಟೋ ಹಿಡಿಯಲಿ. ಸಿದ್ದಾಪುರದ ಕೆಲವರಿಗೆ ಸಾಗರದ ಮೇಲೆ ಹೋಗಿ ಸೋಗಾನೆಯಲ್ಲಿರುವ ಶಿವಮೊಗ್ಗ ನಿಲ್ದಾಣವೂ ಆದೀತು. ಆದರೆ ಅಲ್ಲಿಂದ ಹೋಗುವ ಊರುಗಳು ಕಡಿಮೆ.

ಭಟ್ಕಳ, ಮುರ್ಡೇಶ್ವರದವರಿಗೆ ಮಂಗಳೂರು. ಭಟ್ಕಳದಿಂದ ಬಜ್ಪೆಯ ನಿಲ್ದಾಣಕ್ಕೆ 140 ಕಿ.ಮೀ. ಒಳಗೆ, ಎರಡೂವರೆಯಿಂದ ಮೂರು ಗಂಟೆ. ಉಡುಪಿ ದಾಟಿದ ಮೇಲೆ ಮಂಗಳೂರು ಪೇಟೆಯೊಳಗೆ ಹೋಗಬೇಡಿ. ಹೆದ್ದಾರಿಯಿಂದಲೇ ಬಜ್ಪೆಗೆ ತಿರುಗುವ ದಾರಿಗಳಿವೆ. ಗಲ್ಫ್‌ಗೆ ಹೋಗುವವರಿಗೆ ಇದೇ ಅನುಕೂಲದ ನಿಲ್ದಾಣ.

ಕಷ್ಟ ಇರುವುದು ಕುಮಟಾ, ಹೊನ್ನಾವರದವರಿಗೆ. ದಾಬೋಲಿಂ 160 ಕಿ.ಮೀ., ಹುಬ್ಬಳ್ಳಿಯೂ ಹೆಚ್ಚುಕಡಿಮೆ ಅಷ್ಟೇ, ಮಂಗಳೂರು 200 ಕಿ.ಮೀ. ಆಸುಪಾಸು. ಇವರು ದೂರ ನೋಡಿ ತೀರ್ಮಾನಿಸಬಾರದು. ಬೇಸಿಗೆಯಲ್ಲಿ ದಾಬೋಲಿಂ ಸರಿ. ಮಳೆಗಾಲದಲ್ಲಿ ಹೆದ್ದಾರಿ ಯಾವ ಕಡೆ ತೆರೆದಿದೆಯೋ ಆ ಕಡೆಯ ನಿಲ್ದಾಣವೇ ಹತ್ತಿರದ್ದು.

ಮ್ಯಾಪ್ಸ್‌ನಲ್ಲಿ ಸಮಯ ನೋಡುವಾಗ "ಈಗ ಹೊರಟರೆ" ಎಂದು ಬರುವುದನ್ನು ಬರೆದುಕೊಳ್ಳಬೇಡಿ. ಹೊರಡುವ ವಾರ, ಹೊರಡುವ ಗಂಟೆ ಹಾಕಿ ನೋಡಿ. ಕಡಿಮೆ ಮತ್ತು ಹೆಚ್ಚು ಎಂದು ಎರಡು ಅಂಕೆ ಬಂದರೆ ಹೆಚ್ಚಿನದನ್ನೇ ಹಾಳೆಗೆ ಇಳಿಸಿ.

## ಹಂತ 3: ಎರಡು ನಿಲ್ದಾಣಗಳ ನೇರ ದೂರ ಅಳೆಯಿರಿ

ಸುಲಭದ ದಾರಿ: ಮ್ಯಾಪ್ಸ್‌ನಲ್ಲಿ ಮೊದಲ ನಿಲ್ದಾಣದ ಮೇಲೆ ಬೆರಳೊತ್ತಿ ಹಿಡಿದು, ಕೆಳಗೆ ಬರುವ ವಿವರದಲ್ಲಿ "ದೂರ ಅಳೆಯಿರಿ" ಆರಿಸಿ, ನಕ್ಷೆಯನ್ನು ಎರಡನೆಯ ನಿಲ್ದಾಣದವರೆಗೆ ಎಳೆಯಿರಿ. ಚುಕ್ಕೆ ಊರಿನ ಹೆಸರಿನ ಮೇಲಲ್ಲ, ರನ್‌ವೇ ಮೇಲೆ ಬೀಳಬೇಕು. ಬೆಂಗಳೂರಿನಲ್ಲಿ ಇದೊಂದೇ ತಪ್ಪಿಗೆ 30 ಕಿ.ಮೀ. ಹೆಚ್ಚುಕಡಿಮೆಯಾಗುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆ ಕೈಲೆಕ್ಕವೂ ಸಾಕು. ದಾಬೋಲಿಂ–ಮುಂಬಯಿಯನ್ನೇ ಹಿಡಿಯೋಣ. ದಾಬೋಲಿಂ ಅಕ್ಷಾಂಶ 15.38, ರೇಖಾಂಶ 73.83. ಮುಂಬಯಿಯದು 19.09 ಮತ್ತು 72.87.

ಅಕ್ಷಾಂಶದ ವ್ಯತ್ಯಾಸ 3.71. ಒಂದು ಡಿಗ್ರಿ ಅಕ್ಷಾಂಶ ಎಂದರೆ 111 ಕಿ.ಮೀ., ಎಲ್ಲಿ ಅಳೆದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 3.71 × 111 = 412 ಕಿ.ಮೀ. ಉತ್ತರಕ್ಕೆ. ರೇಖಾಂಶದ ವ್ಯತ್ಯಾಸ 0.96. ಇಲ್ಲಿ 111ರಿಂದ ಗುಣಿಸಬಾರದು. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. 13 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 108 ಕಿ.ಮೀ., 17ರಲ್ಲಿ 106, 22ರಲ್ಲಿ 103. ಎರಡು ಊರುಗಳ ನಡುವಿನ ಅಕ್ಷಾಂಶಕ್ಕೆ ಹೊಂದುವ ಅಂಕೆ ತೆಗೆದುಕೊಳ್ಳಿ. ಇಲ್ಲಿ 0.96 × 106 = 102 ಕಿ.ಮೀ. ಪಶ್ಚಿಮಕ್ಕೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 424 ಕಿ.ಮೀ. ಆಕಾಶದ ದೂರ ಅದೇ.

ಹೀಗೇ ಮಾಡಿದರೆ ದಾಬೋಲಿಂ–ದೆಹಲಿ 1,500 ಕಿ.ಮೀ., ಹುಬ್ಬಳ್ಳಿ–ದೆಹಲಿ 1,480, ದಾಬೋಲಿಂ–ಬೆಂಗಳೂರು 483, ಹುಬ್ಬಳ್ಳಿ–ಬೆಂಗಳೂರು 371, ಹುಬ್ಬಳ್ಳಿ–ಮುಂಬಯಿ 476 ಎಂದು ಬರುತ್ತದೆ. ಈ ಕೈಲೆಕ್ಕ ದೇಶದೊಳಗೆ ಚೆನ್ನಾಗಿ ನಡೆಯುತ್ತದೆ. ಗಲ್ಫ್ ದಾಟಿ ಲಂಡನ್, ಅಮೆರಿಕ ಎಂದಾಗ ಭೂಮಿಯ ಗುಂಡಗಿನ ಆಕಾರ ಲೆಕ್ಕ ಕೆಡಿಸುತ್ತದೆ. ಆಗ ಮ್ಯಾಪ್ಸ್ ಅಳತೆಯನ್ನೇ ಬಳಸಿ. ಮಂಗಳೂರು–ದುಬೈ 2,460, ದಾಬೋಲಿಂ–ದುಬೈ 2,210, ಬೆಂಗಳೂರು–ದುಬೈ 2,695 ಕಿ.ಮೀ.

ವಿಮಾನದ ಕಾಗದಗಳಲ್ಲಿ ನಾಟಿಕಲ್ ಮೈಲಿ ಎಂದಿದ್ದರೆ 1.852ರಿಂದ ಗುಣಿಸಿ ಕಿ.ಮೀ. ಮಾಡಿಕೊಳ್ಳಿ. ರಸ್ತೆಯ ಮೈಲಿ ಎಂದು ತಿಳಿದು 1.6ರಿಂದ ಗುಣಿಸುವುದು ಸಾಮಾನ್ಯ ತಪ್ಪು.

## ಹಂತ 4: ದೂರವನ್ನು ಅವಧಿಗೆ ತಿರುಗಿಸಿ

ಏರ್‌ಬಸ್ 320, ಬೋಯಿಂಗ್ 737ರಂಥ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800 ಕಿ.ಮೀ.ಗಿಂತ ಹೆಚ್ಚು ಓಡುತ್ತದೆ. ಆದರೆ ಆ ವೇಗ ಇಡೀ ದಾರಿಗೆ ಸಿಗುವುದಿಲ್ಲ. ಬಾಗಿಲು ಮುಚ್ಚಿ ಹಿಂದಕ್ಕೆ ಸರಿದು, ರನ್‌ವೇವರೆಗೆ ತೆವಳಿ, ಸರದಿಗೆ ಕಾದು, ಇಪ್ಪತ್ತು ನಿಮಿಷ ಏರಿ, ಇಳಿಯುವಾಗ ಅರ್ಧ ಗಂಟೆ ಮೊದಲೇ ವೇಗ ಇಳಿಸಿ, ಮತ್ತೆ ನೆಲದ ಮೇಲೆ ತೆವಳಬೇಕು. ಟಿಕೆಟ್‌ನಲ್ಲಿರುವ ಸಮಯ ವಿಮಾನ ಜಾಗ ಬಿಟ್ಟಲ್ಲಿಂದ ಜಾಗಕ್ಕೆ ಬಂದು ನಿಲ್ಲುವವರೆಗಿನದ್ದು.

ಅದಕ್ಕೆ ಈ ಸೂತ್ರ ಇಟ್ಟುಕೊಳ್ಳಿ: ಜೆಟ್ ಆದರೆ ದೂರವನ್ನು 800ರಿಂದ ಭಾಗಿಸಿ 40 ನಿಮಿಷ ಕೂಡಿಸಿ. ಪಂಖದ ಎಟಿಆರ್ ಆದರೆ 500ರಿಂದ ಭಾಗಿಸಿ 30 ನಿಮಿಷ ಕೂಡಿಸಿ.

ದಾಬೋಲಿಂ–ಮುಂಬಯಿ: 424 ÷ 800, ಅಂದರೆ 32 ನಿಮಿಷ. ಅದಕ್ಕೆ 40 ಸೇರಿಸಿದರೆ 1 ಗಂಟೆ 12 ನಿಮಿಷ. ದಾಬೋಲಿಂ–ದೆಹಲಿ: 1,500 ÷ 800, 1 ಗಂಟೆ 52 ನಿಮಿಷ. 40 ಸೇರಿ 2 ಗಂಟೆ 32 ನಿಮಿಷ. ದೂರ ಮೂರೂವರೆ ಪಟ್ಟು ಹೆಚ್ಚಾದರೂ ಹೊತ್ತು ಬರೀ ಎರಡು ಪಟ್ಟು ಎಂಬುದನ್ನು ಗಮನಿಸಿ. ಸಣ್ಣ ಹಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಏರಿಳಿತ ಮತ್ತು ನೆಲದ ಮೇಲೇ ಹೋಗುತ್ತದೆ. ಅದಕ್ಕೇ 483 ಕಿ.ಮೀ. ದೂರದ ಬೆಂಗಳೂರಿಗೂ ಗೋವಾದಿಂದ ಒಂದೂಕಾಲು ಗಂಟೆ ತೋರಿಸುತ್ತದೆ.

ವಿಮಾನದ ಮಾದರಿ ಟಿಕೆಟ್ ವಿವರದಲ್ಲಿ ಇರುತ್ತದೆ, ನೋಡಿ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದಂಥ ಕಡೆ ಎಟಿಆರ್ ಬರುವುದು ಹೆಚ್ಚು. ಹುಬ್ಬಳ್ಳಿ–ಬೆಂಗಳೂರು 371 ಕಿ.ಮೀ. ಎಟಿಆರ್‌ನಲ್ಲಿ 1 ಗಂಟೆ 15 ನಿಮಿಷ. ಇದೇ ದೂರ ಜೆಟ್‌ಗೆ 1 ಗಂಟೆ 8 ನಿಮಿಷ. ಸಣ್ಣ ದೂರದಲ್ಲಿ ಪಂಖದ ವಿಮಾನ ತಡ ಎಂದು ಹಿಂಜರಿಯಬೇಕಿಲ್ಲ.

ಹೋಗುವ ಮತ್ತು ಬರುವ ಅವಧಿ ಒಂದೇ ಇರದಿದ್ದರೆ ಗಾಬರಿ ಬೇಡ. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಹಾಗಾಗಿ ದುಬೈಗೆ ಹೋಗುವಾಗ ತುಸು ಹೆಚ್ಚು ಹೊತ್ತು, ಬರುವಾಗ ತುಸು ಕಡಿಮೆ.

## ಹಂತ 5: ಗಡಿಯಾರದ ವ್ಯತ್ಯಾಸ ಬಿಡಿಸಿ

ದೇಶದೊಳಗಿನ ಪ್ರಯಾಣವಾದರೆ ಈ ಹಂತ ದಾಟಿ ಮುಂದೆ ಹೋಗಿ. ಗಲ್ಫ್‌ಗೆ ಹೋಗುವವರು ಇಲ್ಲೇ ಎಡವುವುದು.

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನ ಗಡಿಯಾರದ್ದು. ದುಬೈ, ಅಬುಧಾಬಿ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಕುವೈತ್, ಬಹರೇನ್, ಸೌದಿ ಎರಡೂವರೆ ಗಂಟೆ ಹಿಂದೆ. ಈ ದೇಶಗಳಲ್ಲಿ ವರ್ಷವಿಡೀ ಅದೇ ವ್ಯತ್ಯಾಸ. ಲಂಡನ್ ಹಾಗಲ್ಲ: ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ, ಉಳಿದ ಕಾಲ ಐದೂವರೆ.

ಒಂದು ಲೆಕ್ಕ ನೋಡಿ. ಮಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ನಮ್ಮ ಸೂತ್ರದಂತೆ 3 ಗಂಟೆ 45 ನಿಮಿಷ ತೆಗೆದುಕೊಂಡರೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1:45. ದುಬೈ ಗಡಿಯಾರದಲ್ಲಿ 12:15. ಟಿಕೆಟ್ ಮೇಲೆ 10:00, 12:15 ಎಂದು ನೋಡಿ "ಎರಡೂಕಾಲು ಗಂಟೆ" ಎಂದು ಮನೆಯಲ್ಲಿ ಹೇಳಿಬಿಡುತ್ತಾರೆ. ಬರುವಾಗ ಇದೇ ತಿರುಗುಮುರುಗು. ಅಲ್ಲಿ ಮಧ್ಯಾಹ್ನ 1:30ಕ್ಕೆ ಹೊರಟು ಮೂರೂವರೆ ಗಂಟೆ ಹಾರಿದರೆ ಇಲ್ಲಿ ಸಂಜೆ 6:30. ನೋಡಿದರೆ ಐದು ಗಂಟೆ ಅನ್ನಿಸುತ್ತದೆ, ನಿಲ್ದಾಣಕ್ಕೆ ಕರೆಯಲು ಬರುವವರು ಸಂಜೆ 5ಕ್ಕೇ ಬಜ್ಪೆಯಲ್ಲಿ ನಿಂತಿರುತ್ತಾರೆ. ಕಳೆಯುವ ಮೊದಲು ಎರಡೂ ಸಮಯವನ್ನು ಭಾರತದ ಗಡಿಯಾರಕ್ಕೆ ತನ್ನಿ. ಆಮೇಲೆ ಕಳೆಯಿರಿ.

ಇನ್ನೊಂದು ಅಪಾಯ ಮಧ್ಯರಾತ್ರಿಯದ್ದು. 12ನೇ ತಾರೀಕು 00:40 ಎಂದರೆ 11ರ ರಾತ್ರಿ ಊಟ ಮುಗಿಸುವ ಮೊದಲೇ ನಿಲ್ದಾಣದಲ್ಲಿರಬೇಕು. 12ರ ರಾತ್ರಿ ಹೋದವರ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. 00:00ರಿಂದ 03:00ರೊಳಗಿನ ವಿಮಾನವಾದರೆ ಹಾಳೆಯಲ್ಲಿ ಮನೆ ಬಿಡುವ ತಾರೀಕನ್ನು ದೊಡ್ಡದಾಗಿ ಬರೆದು ವೃತ್ತ ಹಾಕಿ.

## ಹಂತ 6: ಲೆಕ್ಕವನ್ನು ನಿಜದ ಜೊತೆ ಹೋಲಿಸಿ

ನಿಮ್ಮ ಲೆಕ್ಕಕ್ಕೂ ವಿಮಾನ ಕಂಪನಿ ತೋರಿಸುವ ಅವಧಿಗೂ 15 ನಿಮಿಷದೊಳಗಿನ ವ್ಯತ್ಯಾಸ ಇದ್ದರೆ ಸರಿ. ಅರ್ಧ ಗಂಟೆ ಮೀರಿದರೆ ಎಲ್ಲೋ ಕೋಡ್ ತಪ್ಪಿದೆ, ಇಲ್ಲವೇ ಗಡಿಯಾರ ತಪ್ಪಿದೆ, ಅಥವಾ ನಡುವೆ ಒಂದು ಊರಿನಲ್ಲಿ ಇಳಿದು ಹೋಗುವ ವಿಮಾನ ಅದು. "1 ಸ್ಟಾಪ್" ಎಂಬ ಸಣ್ಣಕ್ಷರ ಹುಡುಕಿ.

ಆಮೇಲೆ ಫ್ಲೈಟ್‌ರಾಡಾರ್‌ನಲ್ಲಿ ವಿಮಾನದ ಸಂಖ್ಯೆ ಹಾಕಿ ಹಿಂದಿನ ಏಳು ದಿನಗಳ ಓಡಾಟ ನೋಡಿ. ಏಳರಲ್ಲಿ ನಾಲ್ಕು ದಿನ ಮುಕ್ಕಾಲು ಗಂಟೆ ತಡವಾಗಿದ್ದರೆ ನಿಮ್ಮ ದಿನವೂ ತಡವೆಂದೇ ಲೆಕ್ಕ ಹಾಕಿ. ಸಂಜೆಯ ವಿಮಾನಗಳಲ್ಲಿ ಇದು ಹೆಚ್ಚು, ಏಕೆಂದರೆ ಅದೇ ವಿಮಾನ ಬೆಳಿಗ್ಗೆಯಿಂದ ನಾಲ್ಕಾರು ಊರು ಸುತ್ತಿ ಬಂದಿರುತ್ತದೆ, ಒಂದೆಡೆಯ ತಡ ಮುಂದಿನದ್ದಕ್ಕೆ ಸೇರುತ್ತಾ ಹೋಗುತ್ತದೆ.

ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಹುಬ್ಬಳ್ಳಿ, ಶಿವಮೊಗ್ಗದಂಥ ನಿಲ್ದಾಣಗಳಲ್ಲಿ ಕೆಲವು ವಿಮಾನ ದಿನವೂ ಇರುವುದಿಲ್ಲ. ನಿಮ್ಮ ಪ್ರಯಾಣದ ವಾರದ ದಿನವನ್ನೇ ಹಾಕಿ ಖಾತ್ರಿ ಮಾಡಿಕೊಳ್ಳಿ.

## ಹಂತ 7: ತಲುಪುವ ಗಂಟೆಯಿಂದ ಹಿಂದಕ್ಕೆ ಎಣಿಸಿ

ಹಾಳೆಯ ಮೇಲ್ಗಡೆ ಬರೆದ ಸಾಲಿಗೆ ಈಗ ವಾಪಸ್ ಬನ್ನಿ. ಸೋಮವಾರ 3 ಗಂಟೆಗೆ ಕರೋಲ್ ಬಾಗ್. ಕಾರವಾರದಿಂದ ದಾಬೋಲಿಂ ಮೇಲೆ ಎಂದುಕೊಳ್ಳೋಣ.

ವಿಮಾನ ನಿಂತ ಮೇಲೆ ಇಳಿದು, ಬ್ಯಾಗ್ ಪಡೆದು ಹೊರಬರಲು 45 ನಿಮಿಷ. ಅಲ್ಲಿಂದ ಕರೋಲ್ ಬಾಗ್‌ಗೆ ಒಂದು ಗಂಟೆ. ಟರ್ಮಿನಲ್ 3ರಿಂದ ನ್ಯೂ ಡೆಲ್ಲಿ ಸ್ಟೇಷನ್ನಿಗೆ ಏರ್‌ಪೋರ್ಟ್ ಮೆಟ್ರೋದಲ್ಲಿ 20 ನಿಮಿಷವಾದರೂ ಹತ್ತಿ ಇಳಿದು ಆಟೋ ಹಿಡಿಯುವುದು ಸೇರಿದರೆ ಗಂಟೆಯೇ. ತಡಕ್ಕೆಂದು ಒಂದು ಗಂಟೆ ಬಿಡಿ. ಹಾಗಾದರೆ ವಿಮಾನ ದೆಹಲಿಯಲ್ಲಿ 12:15ಕ್ಕೆ ನಿಂತಿರಬೇಕು. ಹಾರಾಟ 2:35 ಎಂದರೆ ದಾಬೋಲಿಂ ಬಿಡುವುದು ಬೆಳಿಗ್ಗೆ 9:40. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ, ಅಂದರೆ 8:40. ನಿಲ್ದಾಣದ ಬಾಗಿಲಲ್ಲಿ 7:40ಕ್ಕೆ ಇರಬೇಕು. ರಸ್ತೆಗೆ ಎರಡೂವರೆ ಗಂಟೆ, ಗಡಿಗೆ 15 ನಿಮಿಷ. ಮನೆ ಬಿಡುವುದು ಬೆಳಗಿನ ಜಾವ 4:55. ಮಳೆಗಾಲವಾದರೆ ಇನ್ನೊಂದು ಗಂಟೆ ಮುಂಚೆ.

ಎರಡೂವರೆ ಗಂಟೆಯ ಹಾರಾಟಕ್ಕೆ ಹತ್ತು ಗಂಟೆಯ ದಿನ. ಅಷ್ಟು ಬೆಳಿಗ್ಗೆ ಆ ವಿಮಾನವೇ ಇಲ್ಲದಿದ್ದರೆ, ಅಥವಾ ಡಿಸೆಂಬರ್ ಕೊನೆ, ಜನವರಿಯಾಗಿದ್ದರೆ, ಹಿಂದಿನ ದಿನವೇ ಹೋಗಿ. ದೆಹಲಿಯ ಬೆಳಗಿನ ಮಂಜು ಆ ದಿನಗಳಲ್ಲಿ ವಿಮಾನಗಳನ್ನು ಗಂಟೆಗಟ್ಟಲೆ ತಡೆಯುತ್ತದೆ. ಅದಕ್ಕೆ ಒಂದು ಗಂಟೆಯ ಬಿಡುವು ಸಾಲದು.

ವಿದೇಶಕ್ಕಾದರೆ ನಿಲ್ದಾಣದ ಬಾಗಿಲಿಗೆ ಮೂರು ಗಂಟೆ ಮೊದಲು. ಕೌಂಟರ್ ಮುಚ್ಚುವ ಸಮಯ ಟಿಕೆಟ್‌ನಲ್ಲೇ ಬರೆದಿರುತ್ತದೆ. ಹೊರಡುವ ಸಮಯದ ಬದಲು ಅದನ್ನೇ ಗುರಿಯಾಗಿ ಇಟ್ಟುಕೊಳ್ಳಿ.

ಈ ಲೆಕ್ಕದಲ್ಲಿ ಯಾರೂ ಸೇರಿಸದ ಹದಿನೈದು ನಿಮಿಷವೊಂದಿದೆ: ಕೌಂಟರ್ ಎದುರು ನೆಲದ ಮೇಲೆ ಕೂತು ಬ್ಯಾಗ್ ಬಿಚ್ಚುವುದು. ನಮ್ಮ ಕಡೆಯವರ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಕೊಬ್ಬರಿ ಇದ್ದೇ ಇರುತ್ತದೆ. ಉಪ್ಪಿನಕಾಯಿ, ಜೋನಿಬೆಲ್ಲ ಕೈಚೀಲದಲ್ಲಿ ಭದ್ರತೆ ದಾಟುವುದು ಕಷ್ಟ, ದೊಡ್ಡ ಬ್ಯಾಗಿಗೆ ಹಾಕಿ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಟೇಪ್ ಸುತ್ತಿ, ಹೊರಗೆ ಇನ್ನೊಂದು ಕವರ್. ಒಣ ಕೊಬ್ಬರಿಯನ್ನು ಒಯ್ಯಲೇಬೇಡಿ. ಎಣ್ಣೆ ಅಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ಅದನ್ನು ತಡೆಯುತ್ತಾರೆ. ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಕೈಚೀಲ 7 ಕಿಲೋ, ದೊಡ್ಡ ಬ್ಯಾಗ್ 15 ಕಿಲೋ ಎಂಬುದೇ ಹೆಚ್ಚು ಕಡೆ ಇರುವ ಮಿತಿ. ಮನೆಯಲ್ಲೇ ತೂಗಿ ಹೊರಡಿ.

## ಹಂತ 8: ನಡುವೆ ವಿಮಾನ ಬದಲಿಸುವುದಿದ್ದರೆ

ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಮೊದಲನೆಯದು ತಡವಾದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದ್ದು. ಬೇರೆ ಬೇರೆ ಟಿಕೆಟ್ ಮಾಡಿದರೆ ಆ ಹೊಣೆ ನಿಮ್ಮದು. ನಾಲ್ಕುನೂರು ರೂಪಾಯಿ ಉಳಿಸಲು ಹೋಗಿ ಇಡೀ ಎರಡನೇ ಟಿಕೆಟ್ ಕಳೆದುಕೊಳ್ಳುವುದು ಇಲ್ಲೇ. ಬೇರೆ ಟಿಕೆಟ್ ಅನಿವಾರ್ಯವಾದರೆ ದೇಶದೊಳಗೆ ಮೂರು ಗಂಟೆ, ವಿದೇಶಕ್ಕೆ ಐದು ಗಂಟೆ ಅಂತರ ಇಡಿ.

ಗಲ್ಫ್‌ನಿಂದ ಮುಂಬಯಿ ಮೇಲೆ ಗೋವಾ ಅಥವಾ ಹುಬ್ಬಳ್ಳಿಗೆ ಬರುವವರು ಗಮನಿಸಿ: ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್. ಬ್ಯಾಗನ್ನು ಬೆಲ್ಟಿನಿಂದ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕಾಗುತ್ತದೆ. ನೇರ ಊರಿಗೇ ಬರುತ್ತದೆಂದು ಬ್ಯಾಗನ್ನು ಅಲ್ಲೇ ಬಿಟ್ಟು ಬರಬೇಡಿ.

## ಮಳೆಗಾಲದ ಎಚ್ಚರಿಕೆಯ ಗುರುತುಗಳು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಮುಂದಿನ ತಿಂಗಳು 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆ ತಿಂಗಳುಗಳಲ್ಲಿ ಗೋವಾಕ್ಕೆ ಎರಡೂವರೆ ಗಂಟೆ ಎಂಬ ಲೆಕ್ಕ ಯಾವ ಕೆಲಸಕ್ಕೂ ಬರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಕೆಟ್ ಮಾಡುವಾಗಲೇ ಎರಡನೇ ದಾರಿ ಯಾವುದೆಂದು ಹಾಳೆಯಲ್ಲಿ ಬರೆದಿಡಿ.

ಹಿಂದಿನ ಸಂಜೆ ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಹೊರಟು ನಿಲ್ದಾಣದ ಹತ್ತಿರ ಉಳಿಯುವುದು ಕ್ಷೇಮ: ಹವಾಮಾನ ಇಲಾಖೆಯ ರೆಡ್ ಅಲರ್ಟ್, ಜಿಲ್ಲಾಧಿಕಾರಿಗಳು ನಾಳೆ ಶಾಲೆಗಳಿಗೆ ರಜೆ ಘೋಷಿಸಿದ ಸುದ್ದಿ, ಅರಬೈಲ್ ಅಥವಾ ದೇವಿಮನೆಯಲ್ಲಿ ಭಾರೀ ವಾಹನ ತಡೆದಿದ್ದಾರೆಂಬ ಮಾತು. ಶಾಲೆಯ ರಜೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾತ್ರಿಯ ಮಳೆ ಎಷ್ಟಿರಬಹುದು ಎಂಬ ಅಂದಾಜಿನ ಮೇಲೇ ಆ ತೀರ್ಮಾನ ಆಗುವುದು.

ರಸ್ತೆ ತೆರೆದಿದ್ದರೂ ಆಕಾಶ ತೆರೆದಿರಬೇಕೆಂದಿಲ್ಲ. ಮಂಗಳೂರಿನದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಮಳೆ ಮೋಡ ಕವಿದು ಕಣ್ಣಿಗೆ ರನ್‌ವೇ ಕಾಣದಿದ್ದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ. ನೀವು ಹತ್ತಬೇಕಾದ ವಿಮಾನ ಆ ಹೊತ್ತಿಗೆ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಇರಬಹುದು. ಮನೆ ಬಿಡುವ ಮೊದಲು ನಿಮ್ಮ ವಿಮಾನದ ಜೊತೆಗೆ ಅದೇ ವಿಮಾನದ ಹಿಂದಿನ ಹಾರಾಟ ಎಲ್ಲಿದೆ ಎಂದೂ ಆ್ಯಪ್‌ನಲ್ಲಿ ನೋಡಿ. ಅದು ಹೊರಟೇ ಇಲ್ಲದಿದ್ದರೆ ನಿಮ್ಮದೂ ತಡ, ಕಂಪನಿಯ ಸಂದೇಶ ಬರುವ ಮೊದಲೇ ನಿಮಗೆ ತಿಳಿದಿರುತ್ತದೆ. ಹಾಗೆಂದು ತಡವಾಗಿ ಹೊರಡಬೇಡಿ. ಕೌಂಟರ್ ಹಳೆಯ ಸಮಯಕ್ಕೇ ಮುಚ್ಚುವುದುಂಟು.

## ವಿಮಾನವೇ ಬೇಡವಾಗುವ ಲೆಕ್ಕ

ಹಂತ 7ರಂತೆ ಕಾರವಾರ–ಬೆಂಗಳೂರು ಕೂಡಿಸಿ ನೋಡಿ: ರಸ್ತೆ 2:30, ನಿಲ್ದಾಣದಲ್ಲಿ 2:00, ಹಾರಾಟ 1:15, ಇಳಿದು ಹೊರಬರಲು 0:45, ದೇವನಹಳ್ಳಿಯಿಂದ ಪೇಟೆಗೆ 1:30. ಒಟ್ಟು ಎಂಟು ಗಂಟೆ, ಅದೂ ಎಚ್ಚರವಾಗಿದ್ದು. ರಾತ್ರಿ ಬಸ್ಸು ಹನ್ನೊಂದು ಹನ್ನೆರಡು ಗಂಟೆ ತೆಗೆದುಕೊಂಡರೂ ಬೆಳಿಗ್ಗೆ ಪೇಟೆಯ ಒಳಗೇ ಇಳಿಸುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್ಸೂ ರಾತ್ರಿಯ ಗಾಡಿಯೇ. ಹಗಲು ಉಳಿಯಬೇಕೆಂದಿದ್ದರೆ ಬೆಂಗಳೂರಿಗೆ ರಾತ್ರಿ ಪ್ರಯಾಣವೇ ಮೇಲು. ಮುಂಬಯಿಗೂ ಅಷ್ಟೇ: ವಿಮಾನದಲ್ಲಿ ಮನೆಯಿಂದ ಮನೆಗೆ ಏಳೂವರೆ ಎಂಟು ಗಂಟೆ, ಕಾರವಾರದ ಮೇಲೇ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ.

ನೇರ ದೂರ 700–800 ಕಿ.ಮೀ. ದಾಟಿದ ಮೇಲೆ ವಿಮಾನ ನಿಜವಾಗಿ ಹೊತ್ತು ಉಳಿಸಲು ಶುರು ಮಾಡುತ್ತದೆ. ದೆಹಲಿ, ಕೋಲ್ಕತ್ತಾ, ಗಲ್ಫ್‌ಗೆ ಎರಡು ಮಾತಿಲ್ಲ. ಅದಕ್ಕಿಂತ ಒಳಗಿನ ಊರಾದರೆ ಹಾಳೆಯಲ್ಲಿ ವಿಮಾನದ ಒಟ್ಟು ಗಂಟೆ ಒಂದು ಕಡೆ, ರಾತ್ರಿ ರೈಲಿನ ಗಂಟೆ ಇನ್ನೊಂದು ಕಡೆ ಬರೆದು, ಎಚ್ಚರವಾಗಿರಬೇಕಾದ ಹೊತ್ತನ್ನಷ್ಟೇ ಹೋಲಿಸಿ. ಟಿಕೆಟ್ ಮಾಡುವ ಪುಟ ತೆರೆಯುವುದು ಅದಾದ ಮೇಲೆ.